ಒಂದೇ ದಿನ, ಒಂದೇ ಅರಮನೆ: ವರ್ಸೇಲ್ಸ್, ಫಾಂಟೆನ್‌ಬ್ಲೋ, ಹ್ಯಾಂಪ್ಟನ್ ಕೋರ್ಟ್ – ಯಾವುದಕ್ಕೆ ಹೋಗೋಣ?

ಯೂರೋಪಿಗೆ ಹೊರಟವರ ಪಟ್ಟಿಯಲ್ಲಿ ಅರಮನೆಗೆಂದು ಉಳಿಯುವುದು ಸಾಮಾನ್ಯವಾಗಿ ಒಂದೇ ದಿನ. ಆ ದಿನದ ಮುಂದೆ ಹೆಚ್ಚಿನವರು ಯೋಚನೆಯನ್ನೇ ಮಾಡದೆ ವರ್ಸೇಲ್ಸ್ ಎಂದು ಬರೆದುಕೊಳ್ಳುತ್ತಾರೆ. ಅದರ ಹೆಸರು ಅಂಥದ್ದು. ಆದರೆ ಜೊತೆಯಲ್ಲಿ ಮಂಡಿನೋವಿನ ಅಪ್ಪ ಅಮ್ಮ ಇದ್ದರೆ, ಅಥವಾ ನಿಮಗೆ ಸಿಕ್ಕಿರುವುದು ಚಳಿಗಾಲದ ಒಂದು ದಿನವಾದರೆ, ಅದೇ ವರ್ಸೇಲ್ಸ್ ಬರೀ ದಣಿವು ಕೊಟ್ಟು ಕಳಿಸಬಹುದು. ಪ್ಯಾರಿಸ್ಸಿನಿಂದ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ರೈಲು ದಾರಿಯಲ್ಲಿ ಫಾಂಟೆನ್‌ಬ್ಲೋ ಇದೆ. ಲಂಡನ್ನಿನಲ್ಲಿ ಇಳಿದುಕೊಂಡವರಿಗೆ ಹ್ಯಾಂಪ್ಟನ್ ಕೋರ್ಟ್ ಇದೆ. ಮೂರೂ ರಾಜರು ಬಾಳಿದ ಅರಮನೆಗಳೇ, ಮೂರಕ್ಕೂ ಹೆಸರಾಂತ ಚಾಪೆಲ್ ಇದೆ, ದೊಡ್ಡ ತೋಟವಿದೆ.

ನಾನು ಅಳೆಯುವುದು ಈ ಚಾಪೆಲ್ ಮತ್ತು ತೋಟದಿಂದಲೇ. ಯಾವ ಅರಮನೆಗೆ ಹೋದರೂ ಎಂಟು ಹತ್ತು ಕೋಣೆ ದಾಟುವಷ್ಟರಲ್ಲಿ ಚಿನ್ನದ ಲೇಪ, ಗೊಂಚಲುದೀಪ, ಪರದೆ ಕಟ್ಟಿದ ಮಂಚ ಎಲ್ಲವೂ ಒಂದರಂತೆ ಒಂದು ಕಾಣತೊಡಗುತ್ತವೆ. ಚಾಪೆಲ್ ಹಾಗಲ್ಲ. ಮೈಸೂರು ಅರಮನೆಯ ಕೋಟೆಯೊಳಗೆ ದೇವಸ್ಥಾನಗಳಿರುವ ಹಾಗೆ ಅಲ್ಲಿನ ರಾಜರಿಗೂ ಅರಮನೆಗೆ ಸೇರಿದ ಪ್ರಾರ್ಥನಾ ಮಂದಿರ ಬೇಕಿತ್ತು. ಅದರಲ್ಲಿ ದೇವರಿಗೆ ಎಲ್ಲಿ ಜಾಗ, ರಾಜನಿಗೆ ಎಲ್ಲಿ, ಉಳಿದವರಿಗೆ ಎಲ್ಲಿ ಎಂದು ನೋಡಿದರೆ ಆ ಆಸ್ಥಾನ ಹೇಗಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ. ತೋಟದ ವಿಷಯ ಇನ್ನೂ ಸರಳ: ದಿನದ ಅರ್ಧ ಹೊತ್ತು ಕಳೆಯುವುದು ಅಲ್ಲಿಯೇ, ಕಾಲು ಸೋಲುವುದೂ ಅಲ್ಲಿಯೇ.

ಮೊದಲು ವೀಸಾ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಫ್ರಾನ್ಸಿಗೆ ಷೆಂಗೆನ್ ವೀಸಾ, ಇಂಗ್ಲೆಂಡಿಗೆ ಬೇರೆಯದೇ ವೀಸಾ. ಮೂರರಲ್ಲಿ ಎರಡು ಅಥವಾ ಒಂದು ಅಲ್ಲಿಗೇ ಪಟ್ಟಿಯಿಂದ ಬಿಟ್ಟುಹೋಗಬಹುದು.

ವರ್ಸೇಲ್ಸ್: ಕಾರಂಜಿ ಹಾರುವ ದಿನಕ್ಕೆ ಮಾತ್ರ

13ನೇ ಲೂಯಿ 1623ರಲ್ಲಿ ಬೇಟೆಗೆಂದು ಕಟ್ಟಿಸಿದ ಚಿಕ್ಕ ಮನೆಯನ್ನು ಅವನ ಮಗ 14ನೇ ಲೂಯಿ ಬೆಳೆಸುತ್ತಲೇ ಹೋದ. 1682ರ ಮೇ 6ರಂದು ಆಸ್ಥಾನವನ್ನೂ ಆಡಳಿತವನ್ನೂ ಇಲ್ಲಿಗೆ ತಂದ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಕನ್ನಡಿ ಮಹಲು 73 ಮೀಟರ್ ಉದ್ದವಿದ್ದು, 357 ಕನ್ನಡಿಗಳಿವೆ. ಅದನ್ನು ನೋಡಿಯೇ ನೋಡುತ್ತೀರಿ, ಆ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಚಾಪೆಲ್ ಮುಂದೆ ನಿಲ್ಲಿ. ಈ ಅರಮನೆ ಕಂಡ ಐದನೇ ಚಾಪೆಲ್ ಇದು. ವಾಸ್ತುಶಿಲ್ಪಿ ಜೂಲ್ಸ್ ಆರ್ದುವಾ ಮಾನ್ಸಾರ್ 1689ರಲ್ಲಿ ಕೆಲಸ ಶುರುಮಾಡಿದ. ಯುದ್ಧದ ಖರ್ಚಿಗೆ ಹಣ ಹರಿದುಹೋಗಿ ಕೆಲಸ ನಿಂತಿತು, 1699ರಲ್ಲಿ ಮತ್ತೆ ಹಿಡಿದರು. ಮಾನ್ಸಾರ್ 1708ರಲ್ಲಿ ತೀರಿಕೊಂಡ ಮೇಲೆ ಅವನ ಷಡ್ಡಕ ರೋಬೆರ್ ದ ಕೋತ್ 1710ರಲ್ಲಿ ಮುಗಿಸಿದ. ಕೋಣೆಕೋಣೆಯಲ್ಲೂ ಬಣ್ಣದ ಅಮೃತಶಿಲೆ ನೋಡಿ ಬಂದ ಕಣ್ಣಿಗೆ ಇಲ್ಲಿನ ಬಿಳಿಗಲ್ಲು ತಂಪೆನಿಸುತ್ತದೆ. ಬಣ್ಣವೆಲ್ಲ ನೆಲದ ಕಲ್ಲಿನಲ್ಲಿ ಮತ್ತು ಚಾವಣಿಯ ಚಿತ್ರದಲ್ಲಿ. ಅಲ್ಟಾರಿನ, ಅಂದರೆ ಪೂಜಾವೇದಿಕೆಯ, ಮೇಲೆಯೇ ಆರ್ಗನ್ ವಾದ್ಯ ಕೂತಿದೆ. ಚರ್ಚುಗಳಲ್ಲಿ ಅದನ್ನು ಸಾಮಾನ್ಯವಾಗಿ ಇಡುವುದು ಎದುರಿನ ತುದಿಯಲ್ಲಿ.

ಕಟ್ಟಡ ಎರಡು ಅಂತಸ್ತು. ದೊಡ್ಡ ಹಬ್ಬ, ನಾಮಕರಣ, ಮದುವೆ ಬಿಟ್ಟರೆ ರಾಜ ಕೆಳಗಿಳಿಯುತ್ತಿರಲಿಲ್ಲ. ತನ್ನ ಕೋಣೆಗಳ ಮಟ್ಟದಲ್ಲೇ ನಡೆದುಬಂದು ಮೇಲಿನ ಮೊಗಸಾಲೆಯಿಂದ, ಅಲ್ಟಾರಿಗೆ ಮುಖ ಮಾಡಿ ಪೂಜೆ ಕೇಳುತ್ತಿದ್ದ. ಆಸ್ಥಾನಿಕರು ಕೆಳಗೆ. ಅವರ ಗಮನ ಯಾರ ಮೇಲಿತ್ತು ಎಂಬುದಕ್ಕೆ ಒಂದು ಕಥೆ ಹೇಳುತ್ತಾರೆ. ಸಂಜೆಯ ಪ್ರಾರ್ಥನೆಗೆ ಬರುವ ಹೆಂಗಸರು ತಮ್ಮ ಮುಖ ರಾಜನಿಗೆ ಕಾಣಲಿ ಎಂದು ಮುಂದೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು ಕೂರುತ್ತಿದ್ದರಂತೆ. ಒಂದು ದಿನ ಕಾವಲಿನ ಅಧಿಕಾರಿ ಬಂದು, ಇವತ್ತು ಮಹಾರಾಜರು ಬರುವುದಿಲ್ಲ ಎಂದ. ಬತ್ತಿ ಆರಿಸಿ ಹೆಚ್ಚುಕಡಿಮೆ ಎಲ್ಲರೂ ಎದ್ದುಹೋದರು. ಆಮೇಲೆ ಬಂದ ರಾಜ, ಚಾಪೆಲ್ ಖಾಲಿ ಇರುವುದು ಕಂಡು ಬೆರಗಾದನಂತೆ. 1770ರ ಮೇ 16ರಂದು ಮರಿ ಆಂತ್ವಾನೆತ್ ಮುಂದೆ 16ನೇ ಲೂಯಿಯಾದ ರಾಜಕುಮಾರನನ್ನು ಮದುವೆಯಾದದ್ದೂ ಇದೇ ಅಲ್ಟಾರಿನ ಮುಂದೆ.

ಕೊರತೆ ಎಂದರೆ, ಸಾಮಾನ್ಯ ಟಿಕೆಟ್ಟಿನವರು ಇದನ್ನೆಲ್ಲ ಬಾಗಿಲಾಚೆಯಿಂದ ನೋಡಬೇಕು. ಹಿಂದಿನಿಂದ ಜನ ಒತ್ತುತ್ತಿರುತ್ತಾರೆ, ಮುಂದಿರುವವರ ಫೋನುಗಳು ಮೇಲೆದ್ದಿರುತ್ತವೆ. ಒಳಗೆ ಹೋಗಿ ಕೂರಬೇಕೆಂದರೆ ಗೈಡ್ ಜೊತೆಗಿನ ಪ್ರತ್ಯೇಕ ಭೇಟಿಗೋ ಸಂಗೀತ ಕಛೇರಿಗೋ ಮುಂಚಿತವಾಗಿ ಟಿಕೆಟ್ ಮಾಡಿಸಬೇಕು. ಸಂಗೀತದಲ್ಲಿ ಆಸಕ್ತಿ ಇರುವವರಿಗೆ ಕಛೇರಿಯನ್ನೇ ಸೂಚಿಸುತ್ತೇನೆ.

ಕನ್ನಡಿಗರು ವರ್ಸೇಲ್ಸ್‌ನಲ್ಲಿ ನೋಡಲೇಬೇಕಾದ ಕೋಣೆ ಮಾತ್ರ ಚಾಪೆಲ್ಲಿನ ಮೇಲಿನ ಬಾಗಿಲ ಪಕ್ಕದಲ್ಲೇ ಇದೆ. ಹೆಸರು ಹರ್ಕ್ಯುಲಿಸ್ ಸಭಾಂಗಣ. 1710ರವರೆಗೆ ಹಳೆಯ ಚಾಪೆಲ್ ಇದ್ದದ್ದು ಇದೇ ಜಾಗದಲ್ಲಿ. ಹೊಸದು ಎದ್ದ ಮೇಲೆ ಇದನ್ನು ದೊಡ್ಡ ದರ್ಬಾರು ಕೋಣೆಯಾಗಿ ಮಾರ್ಪಡಿಸಿದರು. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು, ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್, 16ನೇ ಲೂಯಿಯ ಎದುರು ನಿಂತದ್ದು ಈ ಕೋಣೆಯಲ್ಲಿ. ಹಿಂದಿನ ವರ್ಷ ಪಾಂಡಿಚೇರಿಯಲ್ಲಿ ಹಡಗು ಹತ್ತಿ, ಆಫ್ರಿಕಾವನ್ನು ಸುತ್ತಿಬಂದು, ಜೂನಿನಲ್ಲಿ ತುಲೋನ್ ಬಂದರಿನಲ್ಲಿ ಇಳಿದಿದ್ದರು. ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೇನಾ ನೆರವು ಕೇಳುವುದು ಅವರ ಕೆಲಸ. ಫ್ರಾನ್ಸಿನ ಖಜಾನೆ ಆಗಲೇ ಬರಿದಾಗಿತ್ತು. ಮರ್ಯಾದೆ ಧಾರಾಳವಾಗಿ ಸಿಕ್ಕಿತು, ಸೇನೆ ಸಿಗಲಿಲ್ಲ. ಮರುವರ್ಷ ಕ್ರಾಂತಿ ಶುರುವಾಗಿ, 1789ರ ಅಕ್ಟೋಬರ್ 6ರಂದು ರಾಜನೇ ಈ ಅರಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರು ಈ ಕೋಣೆಯಲ್ಲಿ ಐದು ನಿಮಿಷ ಹೆಚ್ಚು ನಿಲ್ಲಿ. ಪ್ರವಾಸಿಗಳ ಗುಂಪು ಇಲ್ಲಿ ನಿಲ್ಲದೆ ಕನ್ನಡಿ ಮಹಲಿನ ಕಡೆಗೆ ಓಡುತ್ತಿರುತ್ತದೆ.

ಇನ್ನು ತೋಟ. ಆಂದ್ರೆ ಲ ನೋತ್ರ್ ರೂಪಿಸಿದ ಈ ತೋಟಕ್ಕೆ ಸಮ ಇಲ್ಲ, ಒಪ್ಪಿಕೊಳ್ಳೋಣ. ಮಹಾ ಕಾಲುವೆಯೊಂದೇ ಸುಮಾರು 1.7 ಕಿಲೋಮೀಟರ್ ಉದ್ದ. ಆದರೆ ಈ ತೋಟದ ಜೀವ ಇರುವುದು ಕಾರಂಜಿಗಳಲ್ಲಿ. ಎತ್ತರದ ಜಾಗಕ್ಕೆ ನೀರು ತರುವುದಕ್ಕಾಗಿ ಸೀನ್ ನದಿಗೆ 14 ಗಾಲಿಗಳ ಮಾರ್ಲಿ ಯಂತ್ರ ಕೂರಿಸಿದರು. ಅಷ್ಟಾದರೂ ಎಲ್ಲ ಕಾರಂಜಿಗಳಿಗೆ ಒಮ್ಮೆಗೇ ನೀರು ಸಾಲುತ್ತಿರಲಿಲ್ಲ. ರಾಜ ಹತ್ತಿರ ಬಂದಾಗ ಆಳುಗಳು ಸಿಳ್ಳೆ ಹಾಕಿ ಸುದ್ದಿ ಕೊಟ್ಟು ಆ ಕಾರಂಜಿಯನ್ನು ಬಿಡುತ್ತಿದ್ದರು, ಅವನು ದಾಟಿದ ಮೇಲೆ ನಿಲ್ಲಿಸುತ್ತಿದ್ದರು. ಇವತ್ತಿಗೂ ಕಾರಂಜಿ ಹಾರುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಮುಖ್ಯವಾಗಿ ಶನಿವಾರ ಭಾನುವಾರಗಳಲ್ಲಿ, ಅದೂ ಗೊತ್ತಾದ ಸಮಯಕ್ಕೆ. ಆ ದಿನಗಳಲ್ಲಿ ತೋಟಕ್ಕೂ ಟಿಕೆಟ್ ಇರುತ್ತದೆ. ಚಳಿಗಾಲದಲ್ಲಿ ತೋಟಕ್ಕೆ ದುಡ್ಡಿಲ್ಲ, ನೀರೂ ಇಲ್ಲ, ಅಮೃತಶಿಲೆಯ ಶಿಲ್ಪಗಳಿಗೆ ಮುಸುಕು ಹಾಕಿರುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರಿಗೆ ವರ್ಸೇಲ್ಸ್ ಬೇಡ ಎನ್ನುವುದು ಇದಕ್ಕೇ.

ಸೋಮವಾರ ರಜೆ. ಮಂಗಳವಾರ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಮುಚ್ಚಿರುವುದರಿಂದ ಅಲ್ಲಿಗೆ ಹೋಗಬೇಕಾದವರೂ ಇಲ್ಲಿಗೇ ಬರುತ್ತಾರೆ, ಆ ದಿನ ತಪ್ಪಿಸಿ. ಅಂಗಳಕ್ಕೆ ಉರುಟು ಕಲ್ಲು ಹಾಸಿದ್ದಾರೆ, ಗಾಲಿಕುರ್ಚಿಗೆ ಕಷ್ಟ. ತೋಟದಾಚೆಯ ತ್ರಿಯಾನೋನ್ ಎಂಬ ಎರಡು ಚಿಕ್ಕ ಅರಮನೆಗಳಿಗೆ ನಡೆದರೆ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ, ಅವು ತೆರೆಯುವುದೇ ಮಧ್ಯಾಹ್ನ 12ಕ್ಕೆ. ಹಿರಿಯರಿಗಾಗಿ ಚಿಕ್ಕ ರೈಲುಬಂಡಿ, ಬಾಡಿಗೆಯ ಬ್ಯಾಟರಿ ಗಾಡಿ ಸಿಗುತ್ತವೆ. ಕಟ್ಟಿಕೊಂಡು ಹೋದ ಚಪಾತಿಯನ್ನು ತೋಟದ ಒಳಗೆ ಕೂತು ಬಿಚ್ಚುವ ಹಾಗಿಲ್ಲ, ಅದಕ್ಕೆ ಆಚೆಯ ಪಾರ್ಕಿಗೆ ಹೋಗಬೇಕು.

ಫಾಂಟೆನ್‌ಬ್ಲೋ: ಹೆಚ್ಚಿನವರಿಗೆ ನನ್ನ ಆಯ್ಕೆ

ವರ್ಸೇಲ್ಸ್ ಒಂದು ವಂಶದ ನೂರು ವರ್ಷದ ವೈಭವವಾದರೆ, ಫಾಂಟೆನ್‌ಬ್ಲೋ 12ನೇ ಶತಮಾನದಿಂದ ಮೂರನೇ ನೆಪೋಲಿಯನ್ನನವರೆಗೆ ಫ್ರಾನ್ಸನ್ನು ಆಳಿದವರು ಒಬ್ಬರ ಮೇಲೊಬ್ಬರು ಬಾಳಿದ ಮನೆ. ಒಂದನೇ ಫ್ರಾನ್ಸಿಸ್ 1528ರಿಂದ ಇದನ್ನು ಹೊಸದಾಗಿ ಕಟ್ಟಿಸಿದ, ಇಟಲಿಯಿಂದ ರೊಸ್ಸೊ ಫಿಯೊರೆಂಟಿನೊ, ಪ್ರಿಮಾಟಿಚ್ಚೊ ಎಂಬ ಕಲಾವಿದರನ್ನು ಕರೆಸಿದ. ಅವನ ಹೆಸರಿನ ಮೊಗಸಾಲೆಯಲ್ಲಿ ಬೆಂಕಿಯೊಳಗೆ ಕೂತ ಹಲ್ಲಿಯಂಥ ಪ್ರಾಣಿ, ಸಾಲಮಾಂಡರ್, ಮರದ ಹಲಗೆಗಳ ಮೇಲೆಲ್ಲ ಕೆತ್ತಿದೆ. ಅದು ರಾಜನ ಲಾಂಛನ. ಮಕ್ಕಳಿಗೆ ಎಣಿಸಲು ಹೇಳಿ, ನೀವು ನೆಮ್ಮದಿಯಾಗಿ ಗೋಡೆಯ ಚಿತ್ರ ನೋಡಬಹುದು.

ಇಲ್ಲಿನ ತ್ರಿತ್ವ ಚಾಪೆಲ್ ಹುಟ್ಟಿನ ಹಿಂದೆಯೂ ಒಂದು ಕಥೆಯಿದೆ. ಅರಮನೆ ನೋಡಲು ಬಂದ ಸ್ಪೇನಿನ ರಾಯಭಾರಿ ನಾಲ್ಕನೇ ಹೆನ್ರಿಗೆ, ನಿಮ್ಮ ಮನೆ ಚೆನ್ನಾಗಿದೆ, ದೇವರಿಗೂ ನಿಮ್ಮಷ್ಟೇ ಒಳ್ಳೆಯ ಮನೆ ಸಿಕ್ಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದನಂತೆ. ಮಾತು ಚುಚ್ಚಿತೋ ಏನೋ, ಹೆನ್ರಿ ಮಾರ್ತಾಂ ಫ್ರೆಮಿನೆ ಎಂಬ ಚಿತ್ರಕಾರನಿಗೆ ಕೆಲಸ ಒಪ್ಪಿಸಿದ. 1608ರಲ್ಲಿ ಶುರುವಾದ ಚಾವಣಿ ಹೆನ್ರಿಯ ಕೊಲೆಯಾದ ಮೇಲೂ ಮುಂದುವರಿಯಿತು. ಚಾವಣಿಯನ್ನು ಒಮ್ಮೆಗೆ ನೋಡಿ ಮುಗಿಸಲು ಆಗುವುದಿಲ್ಲ. ದಪ್ಪನೆಯ ಚಿನ್ನದ ಚೌಕಟ್ಟುಗಳೊಳಗೆ ಒಂದೊಂದು ಬೈಬಲ್ ಪ್ರಸಂಗ, ಅವುಗಳ ನಡುವೆ ಗಾರೆಯಲ್ಲಿ ಮಾಡಿದ ದೇವದೂತರು. ಮೈ ತಿರುಚಿ, ತೋಳು ಚಾಚಿ ತುಂಬಿಕೊಂಡ ಆಕೃತಿಗಳಿಂದ ಒಂದಿಂಚೂ ಖಾಲಿ ಉಳಿದಿಲ್ಲ. ವರ್ಸೇಲ್ಸ್‌ನ ಬಿಳಿಗಲ್ಲಿನ ಅಚ್ಚುಕಟ್ಟು ಇಷ್ಟಪಡುವವರಿಗೆ ಇದು ಗದ್ದಲ ಎನಿಸಬಹುದು. ನನಗೆ ಇದೇ ಹೆಚ್ಚು ಹತ್ತಿರ. ಇಲ್ಲಿ ರಾಜ ನಿಲ್ಲುತ್ತಿದ್ದ ಮೇಲಿನ ಮೊಗಸಾಲೆಯಲ್ಲೇ ನೀವೂ ನಿಂತು ನೋಡುತ್ತೀರಿ, ಬೆನ್ನ ಹಿಂದೆ ನೂಕುವವರಿಲ್ಲ. 15ನೇ ಲೂಯಿ ಪೋಲೆಂಡಿನ ಮರಿ ಲೆಷ್ಚಿನ್‌ಸ್ಕಾಳನ್ನು 1725ರ ಸೆಪ್ಟೆಂಬರ್ 5ರಂದು ಇಲ್ಲಿ ಮದುವೆಯಾದ. ಮುಂದೆ ಮೂರನೇ ನೆಪೋಲಿಯನ್ ಆದ ಮಗುವಿನ ನಾಮಕರಣವೂ 1810ರಲ್ಲಿ ಇಲ್ಲೇ.

ಕೋಣೆಗಳ ಲೆಕ್ಕದಲ್ಲೂ ಫಾಂಟೆನ್‌ಬ್ಲೋ ಒಂದು ಕೈ ಮೇಲು. ಕ್ರಾಂತಿಯ ಕಾಲದಲ್ಲಿ ವರ್ಸೇಲ್ಸ್‌ನ ಪೀಠೋಪಕರಣಗಳನ್ನು ಹರಾಜು ಹಾಕಿದರು, ಈಗ ಅಲ್ಲಿ ಕಾಣುವುದರಲ್ಲಿ ಎಷ್ಟೋ ಆಮೇಲೆ ಹುಡುಕಿ ತಂದು ಕೂಡಿಸಿದ್ದು. ಇಲ್ಲೂ ಹಳೆಯವು ಹೋದವು, ಆದರೆ ನೆಪೋಲಿಯನ್ ಬಂದು ಮನೆಯನ್ನು ಮತ್ತೆ ತುಂಬಿಸಿದ, ಅವನ ಸಿಂಹಾಸನದ ಕೋಣೆ ಅವನ ಕಾಲದ ಸಜ್ಜಿನಲ್ಲೇ ಉಳಿದಿದೆ. ಹೊರಗಿನ ಅಂಗಳದಲ್ಲಿ ಕುದುರೆ ಲಾಳದ ಆಕಾರದ ಜೋಡಿ ಮೆಟ್ಟಿಲಿದೆ. ಅಧಿಕಾರ ಕಳೆದುಕೊಂಡ ನೆಪೋಲಿಯನ್ 1814ರ ಏಪ್ರಿಲ್ 20ರಂದು ಅದರ ಬುಡದ ಅಂಗಳದಲ್ಲಿ ತನ್ನ ಹಳೆಯ ಸೈನಿಕರಿಗೆ ವಿದಾಯ ಹೇಳಿ, ಅವರ ಬಾವುಟಕ್ಕೆ ಮುತ್ತಿಟ್ಟು, ಎಲ್ಬಾ ದ್ವೀಪಕ್ಕೆ ಹೊರಟ. ಶಾಲೆಯಲ್ಲಿ ಓದಿದ್ದೆಲ್ಲ ಅಲ್ಲಿ ನಿಂತಾಗ ನೆನಪಾಗುತ್ತದೆ.

ತೋಟಕ್ಕೆ ಟಿಕೆಟ್ ಇಲ್ಲ, ವರ್ಷವಿಡೀ. ದೊಡ್ಡ ಚೌಕದ ಹೂತೋಟಕ್ಕೆ ಲ ನೋತ್ರ್ ಕೈಯೇ ಇದೆ, ಅದರಾಚೆ ನಾಲ್ಕನೇ ಹೆನ್ರಿ ಅಗೆಸಿದ 1.2 ಕಿಲೋಮೀಟರ್ ಕಾಲುವೆ. ದೊಡ್ಡ ದೊಡ್ಡ ಕಾರ್ಪ್ ಮೀನುಗಳ ಕೆರೆ, ಅದರ ನಡುವೆ ಪುಟ್ಟ ಮಂಟಪ, ಪಕ್ಕದ ತೋಟದಲ್ಲಿ ಓಡಾಡಿಕೊಂಡಿರುವ ನವಿಲು. ಇವೆಲ್ಲ ಅರಮನೆಗೆ ಅಂಟಿಕೊಂಡೇ ಇರುವುದರಿಂದ ಅಪ್ಪ ಅಮ್ಮ ಒಂದು ಬೆಂಚು ಹಿಡಿದು ಕೂತರೂ ಏನನ್ನೂ ಕಳೆದುಕೊಂಡ ಹಾಗಾಗುವುದಿಲ್ಲ. ಸೊಬಗಿನಲ್ಲಿ ವರ್ಸೇಲ್ಸ್‌ನ ಕಾರಂಜಿ ದಿನಕ್ಕೆ ಇದು ಸಾಟಿಯಲ್ಲ. ಉಳಿದ ದಿನಗಳಲ್ಲಿ ಸಾಟಿ, ಚಳಿಗಾಲದಲ್ಲಿ ಇದೇ ಮೇಲು.

ಮಂಗಳವಾರ ಅರಮನೆಗೆ ರಜೆ. ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಿಂದ ಫಾಂಟೆನ್‌ಬ್ಲೋ-ಆವೋನ್‌ಗೆ ಸುಮಾರು 40 ನಿಮಿಷ, ಅಲ್ಲಿಂದ ಬಸ್ಸು. 2025ರ ಜನವರಿಯಿಂದ ಪ್ಯಾರಿಸ್ ಸುತ್ತಲಿನ ಇಡೀ ಪ್ರದೇಶಕ್ಕೆ ರೈಲಿನ ಬಿಡಿ ಟಿಕೆಟ್ ಒಂದೇ ದರ. ಹಾಗಾಗಿ ದೂರದ ಫಾಂಟೆನ್‌ಬ್ಲೋಗೂ ಹತ್ತಿರದ ವರ್ಸೇಲ್ಸ್‌ಗೂ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. ಬಸ್ಸಿಗೆ ಮಾತ್ರ ಬೇರೆ ಟಿಕೆಟ್ ಬೇಕು, ರೈಲಿನದು ನಡೆಯುವುದಿಲ್ಲ. ವರ್ಸೇಲ್ಸ್‌ಗೆ ಹೋಗುವವರು ಆರ್‌ಇಆರ್ ಸಿ ಎಂಬ ಉಪನಗರ ರೈಲಿನ ಫಲಕದಲ್ಲಿ ವರ್ಸೇಲ್ಸ್ ಷಾತೋ ರೀವ್ ಗೋಷ್ ಎಂದಿರುವುದನ್ನು ನೋಡಿಕೊಂಡೇ ಹತ್ತಿ. ಆ ಮಾರ್ಗ ಕವಲೊಡೆಯುತ್ತದೆ, ವರ್ಸೇಲ್ಸ್ ಹೆಸರಿನ ಬೇರೆ ನಿಲ್ದಾಣಗಳೂ ಇವೆ.

ಹ್ಯಾಂಪ್ಟನ್ ಕೋರ್ಟ್: ಚಾಪೆಲ್ಲಿಗಾಗಿಯೇ ಹೋಗುವವರಿಗೆ

ಲಂಡನ್ನಿನ ವಾಟರ್‌ಲೂನಿಂದ ಸುಮಾರು 35 ನಿಮಿಷ, ಕೊನೆಯ ನಿಲ್ದಾಣ, ಇಳಿದು ಸೇತುವೆ ದಾಟಿದರೆ ಅರಮನೆ. ತಲುಪಲು ಮೂರರಲ್ಲಿ ಇದೇ ಸುಲಭ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವೂಲ್ಸಿ ತನಗಾಗಿ ಕಟ್ಟಿಸಿಕೊಂಡ ಮನೆ ಆಮೇಲೆ ರಾಜನ ಕೈಸೇರಿತು. ಮುಂಭಾಗ ಹೆನ್ರಿಯ ಕಾಲದ ಕೆಂಪು ಇಟ್ಟಿಗೆ, ಹಿಂಭಾಗ 1689ರ ನಂತರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. ಫ್ರೆಂಚ್ ಅರಮನೆಗಳ ಥಳಕು ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗಬಹುದು. ನೂರಾರು ಜನಕ್ಕೆ ಅಡುಗೆ ಬೇಯುತ್ತಿದ್ದ ಅಡುಗೆಮನೆಗಳು, ದೊಡ್ಡ ಒಲೆಗಳು ಇಲ್ಲಿನ ಸೊಗಸು.

ಚಾಪೆಲ್ಲಿನ ಚಾವಣಿ 1535-36ರಲ್ಲಿ ಹೆನ್ರಿ ಮಾಡಿಸಿದ್ದು. ಕಡುನೀಲಿ ಬಣ್ಣದ ಮೇಲೆ ಚಿನ್ನದ ನಕ್ಷತ್ರಗಳು, ಕಮಾನುಗಳ ನಡುವಿನಿಂದ ಇಳಿಬಿದ್ದ ಮರದ ಲೋಲಕಗಳು, ಅವುಗಳ ಸುತ್ತ ಕೊಳಲೂದುವ ಚಿನ್ನದ ಮಕ್ಕಳು. ಕಲ್ಲಿನದೇ ಎನಿಸುವ ಆ ಕಮಾನೆಲ್ಲ ಓಕ್ ಮರ. ಬೇರೆಡೆ ಕೆತ್ತಿ ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ ತಂದು ಜೋಡಿಸಿದ್ದು. ಹೆನ್ರಿ ಬಹಳ ಕಾಲ ಹಂಬಲಿಸಿದ ಗಂಡುಮಗು ಎಡ್ವರ್ಡ್‌ಗೆ 1537ರ ಅಕ್ಟೋಬರಿನಲ್ಲಿ ಇಲ್ಲಿ ನಾಮಕರಣವಾಯಿತು, ಕೆಲವೇ ದಿನಗಳಲ್ಲಿ ಬಾಣಂತಿ ಜೇನ್ ಸೀಮೋರ್ ತೀರಿಕೊಂಡಳು. ಐದನೇ ಹೆಂಡತಿ ಕ್ಯಾಥರಿನ್ ಹೋವರ್ಡ್ ಪ್ರಾಣಭಿಕ್ಷೆ ಬೇಡಲು ಕಾವಲಿನವರಿಂದ ತಪ್ಪಿಸಿಕೊಂಡು ಈ ಚಾಪೆಲ್ಲಿಗೆ ಹೋಗುವ ಮೊಗಸಾಲೆಯಲ್ಲಿ ಓಡಿದಳು ಎಂದು ಇವತ್ತಿಗೂ ಹೇಳುತ್ತಾರೆ.

ಬೇರೆ ಎರಡಕ್ಕೂ ಇಲ್ಲದ ಗುಣ ಇದಕ್ಕಿದೆ: ಇಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ಭಾನುವಾರದ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಅದಕ್ಕೆ ಟಿಕೆಟ್ ಇಲ್ಲ. ಗಾಯಕವೃಂದ ಹಾಡುವಾಗ ಆ ನೀಲಿ ಚಾವಣಿಯ ಕೆಳಗೆ ಕೂರುವುದು, ಬಾಗಿಲಲ್ಲಿ ನಿಂತು ಇಣುಕುವುದಕ್ಕಿಂತ ಎಷ್ಟೋ ಮೇಲಾದ ಅನುಭವ. ಪ್ರಾರ್ಥನೆಯ ಹೊತ್ತಿನಲ್ಲಿ ಪ್ರವಾಸಿಗಳಿಗೆ ಪ್ರವೇಶವಿಲ್ಲ, ಒಳಗೆ ಫೋಟೊ ತೆಗೆಯುವಂತೆಯೂ ಇಲ್ಲ. ನನಗೆ ಈ ನಿಯಮ ಬಹಳ ಹಿಡಿಸಿತು.

ತೋಟದಲ್ಲಿ ಮಕ್ಕಳನ್ನು ಸೆಳೆಯುವುದು 1700ರ ಸುಮಾರಿಗೆ ನೆಟ್ಟ ಬೇಲಿಗಿಡಗಳ ಚಕ್ರವ್ಯೂಹ. ಹಿರಿಯರಿಗೆ 1768ರಲ್ಲಿ ನೆಟ್ಟ ದ್ರಾಕ್ಷಿ ಬಳ್ಳಿ ತೋರಿಸಿ. ಗಾಜಿನ ಮನೆಯಲ್ಲಿ ಹಬ್ಬಿರುವ ಆ ಒಂದೇ ಬಳ್ಳಿ ಇವತ್ತಿಗೂ ಕಪ್ಪು ದ್ರಾಕ್ಷಿ ಬಿಡುತ್ತದೆ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗನ ಮಗಳು ಸೋಫಿಯಾ ವಾಸವಿದ್ದದ್ದು ಈ ಅರಮನೆಯ ಎದುರಿನ ಮನೆಯಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯನ್ನು ಆಕೆ ಮಾರಿದ್ದು ಇದೇ ಅರಮನೆಯ ಹೊರಗೆ ನಿಂತು.

ಬೇರೆ ದಾರಿಯಲ್ಲಿ ಇದ್ದರೆ

ಇಟಲಿಯ ನೇಪಲ್ಸ್ ಕಡೆ ಹೋಗುವವರಿಗೆ ಕಸೆರ್ಟಾ ಇದೆ. ವಾಸ್ತುಶಿಲ್ಪಿ ವನ್ವಿಟೆಲ್ಲಿ 1752ರಲ್ಲಿ ಶುರುಮಾಡಿದ ಅರಮನೆ, ಚಾಪೆಲ್ಲಿಗೆ ವರ್ಸೇಲ್ಸ್‌ನದೇ ಮಾದರಿ. 1943ರ ಬಾಂಬ್ ದಾಳಿಯ ಗಾಯಗಳು ಅದರಲ್ಲಿ ಇನ್ನೂ ಕಾಣುತ್ತವೆ. ತೋಟ ನೇರಕ್ಕೆ 3 ಕಿಲೋಮೀಟರ್, ತುದಿಯಲ್ಲಿ ಜಲಪಾತ, ಬಿಸಿಲಿನಲ್ಲಿ ನಡೆಯಲು ಹೋಗಬೇಡಿ, ಒಳಗೇ ಬಸ್ಸಿದೆ. ರೈಲು ನಿಲ್ದಾಣ ಅರಮನೆಯ ಎದುರೇ. ಮಂಗಳವಾರ ರಜೆ. ಕೋಪನ್‌ಹೇಗನ್‌ನಲ್ಲಿರುವವರು ಹಿಲೆರೋಡ್‌ನ ಫ್ರೆಡೆರಿಕ್ಸ್‌ಬೋರ್ಗ್‌ಗೆ ಹೋಗಿ. ಡೆನ್ಮಾರ್ಕಿನ ರಾಜರಿಗೆ 1671ರಿಂದ 1840ರವರೆಗೆ ಅಭಿಷೇಕವಾದ ಚಾಪೆಲ್ ಅದು, 1859ರಲ್ಲಿ ಅರಮನೆ ಬೆಂಕಿಗೆ ಬಿದ್ದಾಗಲೂ ಉಳಿದುಕೊಂಡಿತು, ಜೊತೆಗೆ 1610ರ ಆರ್ಗನ್ ಕೂಡ.

ಟಿಕೆಟ್ಟಿನ ವಿಷಯ

ಯಾವುದಕ್ಕೆ ಹೋಗುವುದಾದರೂ ಆ ಅರಮನೆಯ ಸ್ವಂತ ಜಾಲತಾಣದಲ್ಲೇ ಟಿಕೆಟ್ ಕೊಳ್ಳಿ. ಅದೇ ಹೆಸರನ್ನು ಹೋಲುವ ಏಜೆಂಟರ ಪುಟಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ಅವರು ದರದ ಮೇಲೆ ತಮ್ಮದನ್ನೂ ಸೇರಿಸುತ್ತಾರೆ. ವರ್ಸೇಲ್ಸ್‌ಗೆ ಒಳಗೆ ಹೋಗುವ ಹೊತ್ತನ್ನೂ ಗೊತ್ತುಮಾಡಿಕೊಳ್ಳಬೇಕು, ಬೆಳಗಿನ ಮೊದಲ ಹೊತ್ತು ಸಿಕ್ಕರೆ ಅದನ್ನೇ ಹಿಡಿಯಿರಿ. ಆಗ ಚಾಪೆಲ್ ಬಾಗಿಲಲ್ಲಿ ಎರಡು ನಿಮಿಷವಾದರೂ ನೆಟ್ಟಗೆ ನಿಲ್ಲಲು ಆಗುತ್ತದೆ. ಫ್ರಾನ್ಸಿನ ಎರಡು ಅರಮನೆಗಳಲ್ಲೂ 18 ವರ್ಷದೊಳಗಿನವರಿಗೆ ಯಾವ ದೇಶದವರಾದರೂ ಪ್ರವೇಶ ಉಚಿತ, ಆದರೆ ವಯಸ್ಸಿಗೆ ಗುರುತು ಕೇಳಬಹುದು. ಮಕ್ಕಳ ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೊರಡುವುದಾದರೆ ಅದರ ಫೋಟೊ ಒಂದನ್ನು ಫೋನಿನಲ್ಲಿ ಇಟ್ಟುಕೊಂಡಿರಿ.